ಬೆರಳಿಗೆ ಲೆಕ್ಕ ಎಲ್ಲಿದೆ? ಮನೆಯ ವರ್ಕ್‌ಶಾಪ್, ಹೊಸ ಕಾನೂನು ಮತ್ತು ನಿಮ್ಮ ಕೈ

ಆಯುಧಪೂಜೆ ಮುಗಿದು ಒಂದು ವಾರವಾಗಿತ್ತು. ಪೆರಂಬೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಗೆ ಅರವತ್ತು ದಾಟಿದ ಒಬ್ಬರು ಎಡಗೈಗೆ ಹಳೆ ಪಂಚೆಯ ತುಂಡು ಸುತ್ತಿಕೊಂಡು ಬಂದರು. ನನ್ನ ಹತ್ತಿರ ತಮಿಳಿನಲ್ಲಿ ಒಂದು ಟಿಟಿ ಇಂಜೆಕ್ಷನ್, ಎರಡು ನೋವಿನ ಮಾತ್ರೆ ಕೇಳಿದರು. ಪಕ್ಕದಲ್ಲಿದ್ದ ಹೆಂಡತಿಗೆ ಕನ್ನಡದಲ್ಲಿ, "ದೊಡ್ಡದೇನಲ್ಲ, ಸುಮ್ಮನಿರು" ಎಂದರು.

ಬಟ್ಟೆ ಬಿಚ್ಚಿದಾಗ ಗಾಯದ ತುಂಬ ಕಾಫಿಪುಡಿ. ರಕ್ತ ನಿಂತಿತ್ತು. "ಬೆರಳು ಒಂದೊಂದಾಗಿ ಮಡಿಸಿ" ಎಂದೆ. ತೋರುಬೆರಳು ಮಡಿಯಲಿಲ್ಲ. ಅದರ ತುದಿ ಮುಟ್ಟಿದರೆ ಗೊತ್ತಾಗುತ್ತಲೂ ಇರಲಿಲ್ಲ. ಮಾತ್ರೆ ಕೊಡದೆ ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆ. ಬೆರಳು ಮಡಿಸುವ ಸ್ನಾಯುರಜ್ಜು, ಅಂದರೆ ಟೆಂಡನ್, ಮತ್ತು ಒಂದು ನರ ಕತ್ತರಿಸಿದ್ದವು. ಮಹಡಿಯ ಮೇಲಿನ ಶೆಡ್‌ನಲ್ಲಿ ಗ್ರೈಂಡರ್‌ನ ಗಾರ್ಡ್ ತೆಗೆದಿಟ್ಟು ಕಬ್ಬಿಣದ ಪಟ್ಟಿ ಕತ್ತರಿಸುವಾಗ ಆದದ್ದು.

ಎರಡು ತಿಂಗಳ ನಂತರ ಅವರು ಒಂದು ಚೀಲ ಕಾಗದ ತಂದು ಕೌಂಟರಿನ ಮೇಲಿಟ್ಟರು. "ನೀವು ಕನ್ನಡಕ್ಕೆ ಅನುವಾದ ಮಾಡ್ತೀರಂತೆ. ಇದರಲ್ಲಿ ನನ್ನ ಬೆರಳಿಗೆ ದುಡ್ಡು ಬರೋದು ಯಾವುದಾದರೂ ಇದೆಯಾ?" ಎಂದು ಕೇಳಿದರು. ಈ ಲೇಖನ ಆ ಪ್ರಶ್ನೆಗೆ ಉತ್ತರ.

ಕಾನೂನು ಎಲ್ಲಿ ನಿಲ್ಲುತ್ತದೆ

ಪೆರಂಬೂರು ಕೈಕೆಲಸದ ಊರು. ರೈಲ್ವೆಯ ಕಾರ್ಯಾಗಾರಗಳು ಇಲ್ಲಿವೆ. 1955ರ ಅಕ್ಟೋಬರ್ 2ರಂದು ಉದ್ಘಾಟನೆಯಾದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯೂ ಇಲ್ಲೇ ಇದೆ. ಇಂಥ ಕಾರ್ಖಾನೆಯಲ್ಲಿ ಯಂತ್ರಕ್ಕೆ ಗಾರ್ಡ್ ಇರಲೇಬೇಕು, ಗಾಯವಾದರೆ ನೋಡಲು ಆಸ್ಪತ್ರೆ ಇದೆ. ನಿವೃತ್ತಿಯಾಗಿ ಅದೇ ಕೈಚಳಕವನ್ನು ಮನೆಗೆ ತಂದಾಗ ಆ ರಕ್ಷಣೆ ಯಾವುದೂ ಜೊತೆಗೆ ಬರುವುದಿಲ್ಲ.

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಕೆಲಸಗಾರರಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 20 ಮತ್ತು 40 ಆಗಿದೆ. ಇಎಸ್‌ಐ ಸಾಮಾನ್ಯವಾಗಿ 10 ಅಥವಾ ಹೆಚ್ಚು ನೌಕರರಿರುವ ಕಡೆ ಅನ್ವಯವಾಗುತ್ತದೆ. ಒಬ್ಬರೇ ಕೂತು ಬಾಗಿಲು ಕೀಸುವ, ಗೇಟು ಬೆಸೆಯುವ ಮನೆ ಈ ಎರಡೂ ಗೆರೆಗಳ ಹೊರಗಿದೆ.

ನೌಕರನ ಕೈಗೆ ಕಾನೂನು ಬೆಲೆ ಕಟ್ಟಿ ಇಟ್ಟಿದೆ. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಮೆಯ ಸಾಮರ್ಥ್ಯದಲ್ಲಿ ಶೇ 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ 14, ಮಧ್ಯದ ಬೆರಳಿಗೆ ಶೇ 12 ಎಂದಿತ್ತು. ಆದರೆ ಇದು ಮಾಲೀಕ ಕೊಡಬೇಕಾದ ಪರಿಹಾರ. ನೀವು ನಿಮಗಾಗಿಯೇ ಕೆಲಸ ಮಾಡುವಾಗ ಕೇಳುವುದು ಯಾರನ್ನು? ಇದಕ್ಕೆ ಇನ್ನೊಂದು ಮುಖವೂ ಇದೆ. ಶೆಡ್‌ನಲ್ಲಿ ಸಂಬಳಕ್ಕೆ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದರೆ ಮಾಲೀಕರು ನೀವೇ. ಅವನ ಬೆರಳಿನ ಹೊಣೆ ನಿಮ್ಮ ಮೇಲೆ ಬರಬಹುದು.

ಚೀಲದಲ್ಲಿದ್ದ ಕಾಗದಗಳು

ಮೊದಲ ಕಾಗದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯದು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುತ್ತದೆ. 18ರಿಂದ 70 ವರ್ಷದವರಿಗೆ ಸಿಗುತ್ತದೆ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ ರೂಪಾಯಿ. ಒಂದು ಕೈಯ, ಕಾಲಿನ ಅಥವಾ ಕಣ್ಣಿನ ಶಕ್ತಿ ಪೂರ್ತಿ ಹೋದರೆ 1 ಲಕ್ಷ. ಒಂದು ಬೆರಳಿಗೆ ಏನೂ ಇಲ್ಲ.

ಎರಡನೆಯದು ತಮಿಳುನಾಡು ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆಯ ಕಾರ್ಡು. ಇದು ಶಸ್ತ್ರಚಿಕಿತ್ಸೆಯ ಖರ್ಚಿಗೆ ನೆರವಾಗುವಂಥದ್ದು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ವಾರ್ಷಿಕ ಆದಾಯದ ಮಿತಿ 1,20,000 ರೂಪಾಯಿ. ಮನೆಮಾತು ಕನ್ನಡವಾದರೂ ಇಲ್ಲಿನ ರೇಷನ್ ಕಾರ್ಡ್ ಇದ್ದು ಆದಾಯ ಮಿತಿಯೊಳಗಿದ್ದರೆ ಪಡೆಯಬಹುದು. ಕರ್ನಾಟಕದಲ್ಲಿರುವವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಆದರೆ ಈ ಕಾರ್ಡುಗಳು ಕೊಡುವುದು ಚಿಕಿತ್ಸೆಯನ್ನು. ಕೆಲಸವಿಲ್ಲದೆ ಮನೆಯಲ್ಲಿ ಕೂತ ತಿಂಗಳುಗಳಿಗೆ ಇವು ಹಣ ಕೊಡುವುದಿಲ್ಲ.

ಮೂರನೆಯದು, ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆ ಉಚಿತ ಎಂಬ ತಮಿಳುನಾಡು ಸರ್ಕಾರದ ಯೋಜನೆಯ ಕರಪತ್ರ. ಅದು ರಸ್ತೆ ಅಪಘಾತಕ್ಕೆ ಮಾತ್ರ.

ಇದೇ ಹೊತ್ತಿನಲ್ಲಿ ಉಪಕರಣಗಳು ಮನೆಮನೆಗೆ ಬರುತ್ತಿವೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ ಮುಂತಾದ 18 ಕಸುಬಿನವರಿಗೆ ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವಿದೆ. ತಮಿಳುನಾಡು ಅದನ್ನು ಒಪ್ಪದೆ ತನ್ನದೇ ಕಲೈಞರ್ ಕೈವಿನೈ ಯೋಜನೆಯನ್ನು 2025ರಲ್ಲಿ ಶುರುಮಾಡಿತು. ಇವು ಬೇಕಾದ ಯೋಜನೆಗಳೇ. ಆದರೆ ಯಂತ್ರ ಮನೆಗೆ ಬಂದಷ್ಟು ಸುಲಭವಾಗಿ ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಮನೆಗೆ ಬರುವುದಿಲ್ಲ. ಆ ಕೆಲಸ ನೀವೇ ಮಾಡಬೇಕು, ಇಲ್ಲವೇ ಮನೆಯವರು ಮಾಡಬೇಕು.

ಗಾಯವಾದ ತಕ್ಷಣ

• ಯಂತ್ರದ ಸ್ವಿಚ್ ಆರಿಸಿ, ಪ್ಲಗ್ ಕಿತ್ತುಹಾಕಿ.
• ಶುದ್ಧ ಬಟ್ಟೆಯಿಂದ ಗಾಯವನ್ನು 10ರಿಂದ 15 ನಿಮಿಷ ಬಿಡದೆ ಒತ್ತಿಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ಕೈ ಎದೆಗಿಂತ ಮೇಲಿರಲಿ.
• ಉಂಗುರ, ಬಳೆ, ಗಡಿಯಾರ ಕೂಡಲೇ ತೆಗೆಯಿರಿ. ಊತ ಬಂದ ಮೇಲೆ ತೆಗೆಯುವುದು ಕಷ್ಟ.
• ಕಾಫಿಪುಡಿ, ಅರಿಸಿನ, ಸಕ್ಕರೆ, ಸೀಮೆಎಣ್ಣೆ ಯಾವುದನ್ನೂ ಹಾಕಬೇಡಿ. ಅದನ್ನೆಲ್ಲ ತೊಳೆದು ತೆಗೆಯುವವರೆಗೆ ವೈದ್ಯರಿಗೆ ಗಾಯ ಸರಿಯಾಗಿ ಕಾಣುವುದಿಲ್ಲ. ಸಣ್ಣ ಗಾಯವಾದರೆ ನಲ್ಲಿ ನೀರು ಮತ್ತು ಸೋಪು ಸಾಕು.
• ಒಳಗೆ ಚುಚ್ಚಿಕೊಂಡ ದೊಡ್ಡ ಚೂರನ್ನು ಮನೆಯಲ್ಲಿ ಕೀಳಬೇಡಿ.

ರಕ್ತ ನಿಂತ ಮೇಲೆ ಮೂರು ಪರೀಕ್ಷೆ ಮಾಡಿ. ಬೆರಳು ಪೂರ್ತಿ ಮಡಿಸಿ ಬಿಡಿಸಲು ಆಗುತ್ತದೆಯೇ? ತುದಿಯಲ್ಲಿ ಸ್ಪರ್ಶ ಗೊತ್ತಾಗುತ್ತದೆಯೇ? ಬಣ್ಣ ಉಳಿದ ಬೆರಳುಗಳಂತೆಯೇ ಇದೆಯೇ? ಒಂದಕ್ಕೆ "ಇಲ್ಲ" ಎಂಬ ಉತ್ತರ ಬಂದರೂ ಗಾಯ ಎಷ್ಟೇ ಚಿಕ್ಕದಿರಲಿ, ಅಂದೇ ಆಸ್ಪತ್ರೆಗೆ ಹೋಗಿ. ಗ್ರೀಸ್ ಗನ್ ಅಥವಾ ಪೇಂಟ್ ಸ್ಪ್ರೇಯಿಂದ ಸೂಜಿಮೊನೆಯಷ್ಟು ತೂತಾಗಿದ್ದರೂ ಅದು ತುರ್ತು ಪರಿಸ್ಥಿತಿಯೇ. ಒಳಗೆ ನುಗ್ಗಿದ ರಾಸಾಯನಿಕ ಬೆರಳನ್ನೇ ಹಾಳುಮಾಡಬಲ್ಲದು.

ಬೆರಳು ತುಂಡಾದರೆ

ತುಂಡಾದ ಭಾಗವನ್ನು ಸಲೈನ್‌ನಲ್ಲಿ ಅಥವಾ ಶುದ್ಧ ನೀರಿನಲ್ಲಿ ಒದ್ದೆಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಗಿಯಾಗಿ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಿ. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಬಾರದು, ಫ್ರೀಜರ್‌ನಲ್ಲಿಯೂ ಇಡಬಾರದು. ಗಾಯಾಳುವಿಗೆ ತಿನ್ನಲು, ಕುಡಿಯಲು ಏನೂ ಕೊಡಬೇಡಿ, ಅರಿವಳಿಕೆ ಬೇಕಾಗಬಹುದು. 108ಕ್ಕೆ ಕರೆ ಮಾಡಿ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಕೈ ಶಸ್ತ್ರಚಿಕಿತ್ಸಕರು ಇದ್ದಾರೆಯೇ ಎಂದು ಕೇಳಿ.

ಈ ವಿಷಯದಲ್ಲಿ ಉತ್ತರ ಚೆನ್ನೈನವರು ಅದೃಷ್ಟವಂತರು. ಪೆರಂಬೂರಿನಿಂದ ಕೆಲವೇ ಕಿಲೋಮೀಟರ್ ದೂರದ ಸರ್ಕಾರಿ ಸ್ಟಾನ್ಲಿ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಆರ್. ವೆಂಕಟಸ್ವಾಮಿ 1970ರ ದಶಕದ ಆರಂಭದಲ್ಲಿ ಕೈ ಗಾಯಗಳಿಗೆಂದೇ ವಿಭಾಗ ಕಟ್ಟಿದರು. ಅದೀಗ ಕೈಗೆಂದೇ ಮೀಸಲಾದ ಸಂಶೋಧನೆ ಮತ್ತು ಪುನರ್ವಸತಿ ಸಂಸ್ಥೆ. 2018ರಲ್ಲಿ ಅಲ್ಲಿ ಎರಡೂ ಕೈಗಳ ಕಸಿ ನಡೆಯಿತು.

ಔಷಧಿ ಅಂಗಡಿಯ ಕಡೆಯಿಂದ ನಾಲ್ಕು ಮಾತು

ಎಲ್ಲರೂ ಕೇಳುವ ಟಿಟಿಯ ಜಾಗದಲ್ಲಿ ಈಗ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಟಿಡಿ ಇದೆ. ಮಣ್ಣು, ತುಕ್ಕು ಸೇರಿದ ಗಾಯವಾಗಿ ಕೊನೆಯ ಲಸಿಕೆಗೆ 5 ವರ್ಷ ಮೀರಿದ್ದರೆ ಮತ್ತೊಂದು ಬೇಕು. ಶುದ್ಧವಾದ ಸಣ್ಣ ಗಾಯಕ್ಕೆ 10 ವರ್ಷದ ಲೆಕ್ಕ. ಲಸಿಕೆ ಧನುರ್ವಾಯುವನ್ನು ತಡೆಯುತ್ತದೆ, ಕತ್ತರಿಸಿದ ಟೆಂಡನ್ ಕೂಡಿಸುವುದಿಲ್ಲ.

ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ನುಂಗಬೇಡಿ. ನೋವಿಗೆಂದು ಆಸ್ಪಿರಿನ್ ಬೇಡ, ರಕ್ತಸ್ರಾವ ಹೆಚ್ಚುತ್ತದೆ. ಹೃದಯದ ತೊಂದರೆಗೆ ಕ್ಲೋಪಿಡೋಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಹಾಗೆಂದು ಆ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಯಾರೂ ಕೇಳದ ಇನ್ನೊಂದು ವಿಷಯ ಇದೆ. ನೆಗಡಿಯ ಕ್ಲೋರ್‌ಫೆನಿರಮಿನ್, ಸೆಟಿರಿಜಿನ್, ನರದ ನೋವಿನ ಪ್ರಿಗ್ಯಾಬಲಿನ್, ನಿದ್ದೆಯ ಆಲ್‌ಪ್ರಜೋಲಮ್ ಇವೆಲ್ಲ ತೂಕಡಿಕೆ ತರಬಲ್ಲವು. ಇವುಗಳಿಂದ ಮಂಪರು ಇರುವಾಗ ಸ್ಕೂಟರ್ ಓಡಿಸಬಾರದು ಎಂದು ಹೇಳುತ್ತೇವೆ. ಗರಗಸಕ್ಕೂ ಅದೇ ಮಾತು. ಮಧುಮೇಹದಿಂದ ಬೆರಳು ಜೋಮು ಹಿಡಿದಿದ್ದರೆ ಗಾಯವಾದದ್ದೇ ತಡವಾಗಿ ಗೊತ್ತಾಗಬಹುದು. ಕೆಲಸ ಮುಗಿದ ಮೇಲೆ ಕೈಯನ್ನು ಬೆಳಕಿನಲ್ಲಿ ತಿರುಗಿಸಿ ನೋಡಿಕೊಳ್ಳಿ.

ಯಂತ್ರದ ಮುಂದೆ ಕೂರುವ ಮೊದಲು

• ಗ್ರೈಂಡರ್‌ನ ಗಾರ್ಡ್ ಮತ್ತು ಪಕ್ಕದ ಹಿಡಿಕೆ ತೆಗೆಯಬೇಡಿ. ಕಬ್ಬಿಣದ ಯಂತ್ರಕ್ಕೆ ಮರದ ಗರಗಸದ ಬ್ಲೇಡ್ ಹಾಕಬೇಡಿ.
• ಡಿಸ್ಕ್ ಮೇಲೆ ಬರೆದ ವೇಗದ ಮಿತಿ ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು.
• ಡ್ರಿಲ್, ಲೇತ್ ಮುಂದೆ ಸಡಿಲ ಬಟ್ಟೆಯ ಗ್ಲೌಸ್, ಇಳಿಬಿಟ್ಟ ತೋಳು, ಉಂಗುರ ಬೇಡ. ತಿರುಗುವ ಭಾಗ ಬಟ್ಟೆಯನ್ನು ಹಿಡಿದರೆ ಕೈಯನ್ನೂ ಎಳೆಯುತ್ತದೆ.
• ಕತ್ತರಿಸುವ ವಸ್ತುವನ್ನು ಕಾಲಿನಿಂದ ಒತ್ತಿಹಿಡಿಯದೆ ಕ್ಲಾಂಪ್ ಹಾಕಿ.
• ಬ್ಲೇಡ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು.

ನಮ್ಮ ಗ್ರಾಹಕರು ಆರು ತಿಂಗಳು ವ್ಯಾಯಾಮ ಮಾಡಿದರು. ಬೆರಳು ಈಗ ಮುಕ್ಕಾಲು ಮಡಿಯುತ್ತದೆ, ಚಳಿಗೆ ನೋಯುತ್ತದೆ. ಚೀಲದ ಕಾಗದದಿಂದ ಬೆರಳಿಗೆಂದು ಒಂದು ರೂಪಾಯಿಯೂ ಬರಲಿಲ್ಲ. ಮುಂದಿನ ಆಯುಧಪೂಜೆಗೆ ಅವರ ಹೆಂಡತಿ ಯಂತ್ರಕ್ಕೆ ಕುಂಕುಮ ಇಡುವ ಮೊದಲು ಗಾರ್ಡ್ ಹಾಕಿಸಿದರಂತೆ. ನಿಮ್ಮ ಮನೆಯ ಯಂತ್ರದ ಗಾರ್ಡ್ ಎಲ್ಲಿದೆ ಎಂದು ಇವತ್ತೇ ಒಮ್ಮೆ ನೋಡಿ.