ಬಜ್ಪೆಯ ಸುತ್ತಿನ ಆಕಾಶ ಮತ್ತು ಹವ್ಯಾಸದ ಡ್ರೋನ್

ಕರಾವಳಿಯ ಮದುವೆ, ರೋಸ್, ಇಗರ್ಜಿಯ ವಾರ್ಷಿಕ ಸಾಂತ್‌ಮಾರಿ ಇವುಗಳ ಚಿತ್ರೀಕರಣದಲ್ಲಿ ಡ್ರೋನ್ ಈಗ ಹೊಸತೇನಲ್ಲ. ಗೋಪುರಕ್ಕೆ ಒಂದು ಸುತ್ತು ಬಂದು, ಮೆರವಣಿಗೆಯ ಮೇಲೆ ಸಾಗಿ, ತೆಂಗಿನ ತೋಟಗಳಾಚೆಗೆ ಏರಿ ನಿಲ್ಲುವ ಆ ದೃಶ್ಯವಿಲ್ಲದಿದ್ದರೆ ಸಮಾರಂಭವೇ ಅಪೂರ್ಣವೆಂಬ ಭಾವನೆ ಹಲವರಲ್ಲಿ ಬೆಳೆದಿದೆ. ವೃತ್ತಿಪರರ ಮಾತು ಹಾಗಿರಲಿ, ಮನೆಯ ಹುಡುಗರೇ ರಜೆಯ ಸಂಜೆಗಳಲ್ಲಿ ಅಂಗಳದಿಂದ ಅದನ್ನು ಹಾರಿಸುವುದುಂಟು. ಆದರೆ ಆ ಅಂಗಳ ಬಜ್ಪೆಯಲ್ಲೋ ಬೋಂದೆಲ್‌ನಲ್ಲೋ ವಾಮಂಜೂರಿನಲ್ಲೋ ಇದ್ದರೆ ವಿಷಯ ಬೇರೆ. ವಿಮಾನ ನಿಲ್ದಾಣದ ನೆರೆಯಲ್ಲಿ ಬದುಕುವವರಿಗೆ ತಲೆಯ ಮೇಲಿನ ಆಕಾಶ ಕಾನೂನಿನ ದೃಷ್ಟಿಯಲ್ಲಿ ತೆರೆದ ಬಯಲಲ್ಲ.

2021ರ ಆಗಸ್ಟ್ 25ರಂದು ಕೇಂದ್ರ ಸರಕಾರ ಪ್ರಕಟಿಸಿದ ಡ್ರೋನ್ ನಿಯಮಗಳು ಹಿಂದಿನ ಬಿಗಿಯನ್ನು ಬಹುಮಟ್ಟಿಗೆ ಸಡಿಲಿಸಿದವು. ವಿಮಾನ ನಿಲ್ದಾಣದ ಸುತ್ತ 45 ಕಿಲೋಮೀಟರಿನಷ್ಟಿದ್ದ ನಿಯಂತ್ರಿತ ವಲಯ 12 ಕಿಲೋಮೀಟರಿಗೆ ಇಳಿಯಿತು. ಇಡೀ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಲಾಯಿತು. ಹಸಿರು ವಲಯದಲ್ಲಿ ನೆಲದಿಂದ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಯಾರ ಅನುಮತಿಯೂ ಬೇಡ. ನಿಲ್ದಾಣದ ಆವರಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವಿನ ಪಟ್ಟಿಯಲ್ಲಿ ಈ ಸ್ವಾತಂತ್ರ್ಯ 200 ಅಡಿಗೆ ನಿಲ್ಲುತ್ತದೆ. 8 ಕಿಲೋಮೀಟರಿನ ಒಳಗೆ ಅನುಮತಿಯಿಲ್ಲದೆ ಹಾರಿಸುವಂತೆಯೇ ಇಲ್ಲ. ಹಳದಿ ವಲಯವಾದರೆ ವಿಮಾನ ಸಂಚಾರ ನಿಯಂತ್ರಣ ಕೇಂದ್ರದ, ಕೆಂಪು ವಲಯವಾದರೆ ಕೇಂದ್ರ ಸರಕಾರದ ಒಪ್ಪಿಗೆ ಅಗತ್ಯ.

ಈ ಅಂತರವನ್ನು ರಸ್ತೆಯ ಲೆಕ್ಕದಲ್ಲಿ ಅಳೆಯತಕ್ಕದ್ದಲ್ಲ. ತಿರುವುಗಳ ನಮ್ಮ ಊರಿನಲ್ಲಿ ಬಸ್ಸಿಗೆ ದೂರವಾದುದು ಹಕ್ಕಿಗೆ ಹತ್ತಿರ. ಬೋಂದೆಲ್‌ನ ಸಂತ ಲಾರೆನ್ಸರ ಇಗರ್ಜಿ ನೇರ ರೇಖೆಯಲ್ಲಿ 8 ಕಿಲೋಮೀಟರಿನ ಒಳಗೆ ಬರುತ್ತದೆ. ಅದೇ ಸಂತರ ಹೆಸರಿನ ಕಾರ್ಕಳದ ಅತ್ತೂರು ಬಸಿಲಿಕ ಈ ವೃತ್ತಗಳಿಂದ ಬಹುದೂರ. ಒಂದೇ ಪಾಲಕ ಸಂತರ ಎರಡು ಹಬ್ಬಗಳಿಗೆ ಎರಡು ಬಗೆಯ ಆಕಾಶ! ಮಂಗಳೂರು ನಗರದ ಹಂಪನಕಟ್ಟೆಯಂತಹ ಭಾಗಗಳು ನಡುವಿನ 200 ಅಡಿಯ ಪಟ್ಟಿಯಲ್ಲಿವೆ.

ಎತ್ತರದ ವಿಷಯದಲ್ಲಿ ನಮ್ಮ ನಿಲ್ದಾಣಕ್ಕೆ ಒಂದು ವಿಶೇಷವಿದೆ. ಅದು ಟೇಬಲ್‌ಟಾಪ್, ಅಂದರೆ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ನಿರ್ಮಿಸಿದ ನಿಲ್ದಾಣ. ರನ್‌ವೇ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಮೇಲಿದೆ. ಕೆಳಗೆ ಮರವೂರಿನ ಬಳಿ ಫಲ್ಗುಣಿ ಹರಿಯುವ ಬಯಲು ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರ. '400 ಅಡಿವರೆಗೆ ಅಡ್ಡಿಯಿಲ್ಲ' ಎಂಬ ಅರ್ಧ ಮಾಹಿತಿಯನ್ನು ನಂಬಿ ನದಿಯ ದಂಡೆಯಿಂದ ಡ್ರೋನ್ ಏರಿಸಿದವನು ಅದನ್ನು ವಿಮಾನದ ಚಕ್ರಗಳು ನೆಲ ಮುಟ್ಟುವ ಮಟ್ಟಕ್ಕಿಂತಲೂ ಮೇಲಕ್ಕೆ ಒಯ್ದಿರುತ್ತಾನೆ. ಕೆಳಗೆ ನಿಂತವನಿಗೆ ಅದು ತೋಟದ ಮೇಲೆ ಹಾರುವ ಆಟಿಕೆ. ಪೈಲಟ್‌ಗೆ ಅದು ಎದುರಿಗೆ ಬಂದ ವಸ್ತು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಈ ರನ್‌ವೇ ದಾಟಿ ಕಮರಿಗೆ ಉರುಳಿ 158 ಮಂದಿ ಸಾವಿಗೀಡಾದರು, ಉಳಿದವರು ಎಂಟೇ ಮಂದಿ. ಆ ದುರಂತಕ್ಕೂ ಡ್ರೋನ್‌ಗೂ ಸಂಬಂಧವಿಲ್ಲ. ಆದರೆ ಆ ಗುಡ್ಡದ ಮೇಲೆ ತಪ್ಪಿಗೆ ಎಷ್ಟು ಕಡಮೆ ಜಾಗವಿದೆಯೆಂಬುದನ್ನು ಈ ಜಿಲ್ಲೆಯ ಕುಟುಂಬಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲೊಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಇಳಿಯುವ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿಯ ಓರೆಯಲ್ಲಿ ಬರುತ್ತದೆ. ಆ ಲೆಕ್ಕದಲ್ಲಿ 8 ಕಿಲೋಮೀಟರ್ ಆಚೆ ಅದು 400 ಮೀಟರಿಗೂ ಮಿಕ್ಕಿದ ಎತ್ತರದಲ್ಲಿರುತ್ತದೆ. ಹೀಗಿರುವಾಗ ಅಂಗಳದಲ್ಲಿ 30 ಮೀಟರ್ ಏರುವ ಡ್ರೋನ್‌ನಿಂದ ಏನು ಕೇಡು? ನಿಯಮ ರೂಪಿಸುವವರು ಎಲ್ಲವೂ ಸರಿಯಾಗಿ ನಡೆಯುವ ದಿನವನ್ನಷ್ಟೇ ನೋಡುವಂತಿಲ್ಲ. ಸಂಪರ್ಕ ಕಡಿದಾಗ ಬಹುಪಾಲು ಡ್ರೋನ್‌ಗಳು ಮೊದಲೇ ನಿಗದಿಯಾದ ಎತ್ತರಕ್ಕೆ ತಾವಾಗಿಯೇ ಏರಿ ಮನೆಗೆ ಮರಳಲು ಹವಣಿಸುತ್ತವೆ. ಗಾಳಿ ಅವನ್ನು ಸೆಳೆದೊಯ್ಯಬಹುದು. ಹೆಲಿಕಾಪ್ಟರ್‌ಗಳು ತಗ್ಗಿನಲ್ಲೇ ಹಾರುತ್ತವೆ. ಹಕ್ಕಿ ಬಡಿದರೇ ಎಂಜಿನ್‌ಗೆ ಅಪಾಯ. ಡ್ರೋನ್‌ನಲ್ಲಿರುವುದು ಮಾಂಸವಲ್ಲ, ಗಟ್ಟಿಯಾದ ಮೋಟಾರು ಮತ್ತು ಬ್ಯಾಟರಿ.

ಇದು ಬರಿಯ ಊಹೆಯಲ್ಲ. 2017ರ ಅಕ್ಟೋಬರಿನಲ್ಲಿ ಕೆನಡಾದ ಕ್ವಿಬೆಕ್ ನಿಲ್ದಾಣದಲ್ಲಿ ಇಳಿಯಲಿದ್ದ ಸಣ್ಣ ಪ್ರಯಾಣಿಕ ವಿಮಾನದ ರೆಕ್ಕೆಗೆ ಡ್ರೋನ್ ಬಡಿಯಿತು. ಅದರಲ್ಲಿದ್ದ ಎಂಟು ಮಂದಿ ಸುರಕ್ಷಿತವಾಗಿ ಇಳಿದುದು ಅದೃಷ್ಟ. 2018ರ ಡಿಸೆಂಬರಿನಲ್ಲಿ, ಕ್ರಿಸ್ಮಸ್‌ಗೆ ಮನೆ ಸೇರುವವರ ಸಂದಣಿಯ ನಡುವೆ, ಡ್ರೋನ್ ಕಂಡಿತೆಂಬ ವರದಿಗಳಿಂದಲೇ ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣ ಮುಚ್ಚಿ ಸುಮಾರು 1,000 ವಿಮಾನಗಳ ಸಂಚಾರ ಅಸ್ತವ್ಯಸ್ತವಾಯಿತು. ಹಾರಿಸಿದವರು ಯಾರೆಂಬುದು ಪತ್ತೆಯಾಗಲಿಲ್ಲ. ಮರುವರ್ಷ ಬ್ರಿಟನ್ ನಿಲ್ದಾಣಗಳ ಸುತ್ತಲಿನ ನಿಷೇಧದ ವ್ಯಾಪ್ತಿಯನ್ನು ಒಂದರಿಂದ ಐದು ಕಿಲೋಮೀಟರಿಗೆ ಏರಿಸಿತು.

'ನಮ್ಮದು 250 ಗ್ರಾಮ್‌ಗಿಂತ ಹಗುರ, ಅದಕ್ಕೆ ನಿಯಮ ಅನ್ವಯಿಸದು' ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ತಪ್ಪು ಗ್ರಹಿಕೆ. ಹಗುರವಾದ ನ್ಯಾನೋ ಡ್ರೋನ್‌ಗೆ ಚಾಲಕನ ಪ್ರಮಾಣಪತ್ರ ಬೇಡ, ವಿಮೆಯೂ ಬೇಡ. ಎರಡು ಕಿಲೋದವರೆಗಿನದನ್ನು ಹಣ ಪಡೆಯದೆ ಹವ್ಯಾಸಕ್ಕೆ ಹಾರಿಸುವವನಿಗೂ ಪ್ರಮಾಣಪತ್ರದಿಂದ ವಿನಾಯಿತಿಯಿದೆ. ವಲಯದಿಂದ ಮಾತ್ರ ಯಾರಿಗೂ ವಿನಾಯಿತಿಯಿಲ್ಲ. ಇನ್ನು ಮದುವೆಗೆ ಹಣ ಪಡೆದು ಬರುವ ಛಾಯಾಗ್ರಾಹಕ ಹವ್ಯಾಸಿಯಲ್ಲ. 250 ಗ್ರಾಮ್ ಮೀರಿದ ಡ್ರೋನ್ ತಂದರೆ ಆತನಲ್ಲಿ ಪ್ರಮಾಣಪತ್ರ ಇರಲೇಬೇಕು. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮವರು ಅರಿತಿರಬೇಕಾದ ಇನ್ನೊಂದು ಸಂಗತಿಯೆಂದರೆ, 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್‌ಗಳ ಆಮದನ್ನು ಭಾರತ ನಿಷೇಧಿಸಿದೆ. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗಷ್ಟೇ ಅನುಮತಿ ಪಡೆದು ತರಿಸಬಹುದು. ಮಗನಿಗೆಂದು ಪ್ರೀತಿಯಿಂದ ಪೆಟ್ಟಿಗೆಯಲ್ಲಿಟ್ಟು ತಂದ ಉಡುಗೊರೆ ಕಸ್ಟಮ್ಸ್‌ನವರ ಮೇಜಿನ ಮೇಲೆ ಉಳಿದರೆ ದೂರಿ ಫಲವಿಲ್ಲ.

ಪ್ರಜೆಗಳ ಮೇಲೆ ವಿಶ್ವಾಸವಿಟ್ಟು ನಿಯಮಗಳನ್ನು ಸಡಿಲಿಸಿದ್ದು ಸರಿಯಾದ ಹೆಜ್ಜೆಯೆಂದೇ ಈ ಅಂಕಣದ ಅಭಿಪ್ರಾಯ. ಆದರೆ ಆ ವಿಶ್ವಾಸ ಫಲಿಸಲು ಪ್ರಜೆಗೆ ನಿಯಮ ತಿಳಿದಿರಬೇಕು. ವಲಯಗಳ ನಕ್ಷೆ ಸರಕಾರದ 'ಡಿಜಿಟಲ್ ಸ್ಕೈ' ಅಂತರ್ಜಾಲ ತಾಣದಲ್ಲಿದೆ; ಬಜ್ಪೆಯ ಅಂಗಡಿಬೀದಿಯಲ್ಲೋ ಪಂಚಾಯತ್ ಕಚೇರಿಯ ಗೋಡೆಯಲ್ಲೋ ಅದರ ಒಂದು ಕನ್ನಡ ಪ್ರತಿ ಇದ್ದರೆ ಹೆಚ್ಚು ಮಂದಿಗೆ ತಲುಪೀತು. ಹಾರಿಸಿದ ಹುಡುಗನನ್ನು ಹಿಡಿದು ದಂಡಿಸುವುದು ಸುಲಭ. ಆತನ ಕೈಯಲ್ಲಿ ಯಂತ್ರವಿದ್ದರೂ 'ಮೇಲಿನಿಂದ ಒಂದು ಚಿತ್ರ ಬೇಕೇ ಬೇಕು' ಎಂದು ಒತ್ತಾಯಿಸಿದವರು ಹಿರಿಯರಾಗಿದ್ದರೆ ಹೊಣೆ ಅವರದೂ ಹೌದು.

ಸಾಂತ್‌ಮಾರಿಯ ಸಿದ್ಧತೆಗೆ ಸೇರುವ ಪಾಲನಾ ಪರಿಷತ್ತುಗಳು ಬ್ಯಾಂಡು, ಪೆಂಡಾಲುಗಳ ಜತೆಗೆ ಈ ವಿಷಯವನ್ನೂ ಪಟ್ಟಿಗೆ ಸೇರಿಸಬಹುದು. ಛಾಯಾಗ್ರಾಹಕನಿಗೆ ಮುಂಗಡ ಕೊಡುವ ಮುನ್ನ ಪ್ರಮಾಣಪತ್ರ ಕೇಳಿ ನೋಡುವುದಕ್ಕೆ, ನಕ್ಷೆಯಲ್ಲಿ ತಮ್ಮ ಇಗರ್ಜಿಯ ಬಣ್ಣ ಯಾವುದೆಂದು ಹುಡುಕುವುದಕ್ಕೆ ಕಾಲು ಗಂಟೆ ಸಾಕು. ಹಬ್ಬದ ಮುನ್ನಾದಿನ ಮತ್ತೊಮ್ಮೆ ನೋಡುವುದು ಮೇಲು, ಏಕೆಂದರೆ ಯಾವುದೇ ಪ್ರದೇಶವನ್ನು ತಾತ್ಕಾಲಿಕವಾಗಿ ಕೆಂಪು ವಲಯವೆಂದು ಘೋಷಿಸುವ ಅಧಿಕಾರವೂ ಆ ನಿಯಮಗಳಲ್ಲಿದೆ.