ಹಳೆಯ ಚಿತ್ರದಲ್ಲಿ ಮುತ್ತಜ್ಜನ ಅಂಗಡಿ

ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ತೆರೆದರು. 1910ರಲ್ಲಿ ಕಾರ್ಖಾನೆ ಕುಂಡಲಕ್ಕೆ ಹೋದರೂ ಅವರ ಹೆಸರಿನ ರಸ್ತೆ ಇಲ್ಲಿ ಉಳಿದಿದೆ. ಖಾನಾಪುರದಿಂದ ಬಂದು ಖಡೇಬಜಾರಿನಲ್ಲಿ ಕಿರಾಣಿ ಮಾರಿದ ನನ್ನ ಮುತ್ತಜ್ಜನಿಗೆ ಆ ಭಾಗ್ಯವಿಲ್ಲ. ಅಂಥವರ ಗುರುತು ಉಳಿದಿದ್ದರೆ ಬೀದಿಯ ಹಳೆಯ ಛಾಯಾಚಿತ್ರಗಳ ಅಂಚಿನಲ್ಲಿ ಮಾತ್ರ.

ಚಿತ್ರ ಕಂಡೊಡನೆ 'ಇದೇ ನಮ್ಮ ಅಂಗಡಿ' ಎಂದು ನಿರ್ಣಯಿಸುವುದು ನನಗೆ ಒಪ್ಪಿಗೆಯಿಲ್ಲ. ಬಾಡಿಗೆದಾರ ಬದಲಾದಂತೆ ಫಲಕ ಬದಲಾಗುತ್ತದೆ. ರಸ್ತೆ ಅಗಲವಾದರೆ ಮುಂಗಟ್ಟೇ ಹಿಂದೆ ಸರಿಯುತ್ತದೆ. ಗುಡಿಯ ಶಿಖರ, ಬೀದಿಯ ತಿರುವು ಇವನ್ನು ಮೊದಲು ಹಿಡಿಯಬೇಕು. ನೆಗೆಟಿವ್ ಮಗುಚಿ ಅಚ್ಚು ಹಾಕಿದ್ದರೆ ಎಡದ ಅಂಗಡಿ ಬಲಕ್ಕೆ ಬಂದಿರುತ್ತದೆ. ಅಕ್ಷರಗಳು ತಿರುವುಮುರುವಾಗಿವೆಯೇ ನೋಡಿ. (ಫಲಕದಿಂದ ಆಗುವ ಖಾತ್ರಿಯ ಉಪಕಾರ ಇದೊಂದೇ!) ಆಮೇಲೆ ಸಿಟಿ ಸರ್ವೆ ನಕಾಶೆ, ಹಳೆಯ ಬಾಡಿಗೆ ಪಾವತಿ.

ಆದರೆ ವಿದ್ಯಾರ್ಥಿ ಮಿತ್ರರೇ, ಎಲ್ಲಕ್ಕಿಂತ ಮುಂಚೆ ಚಿತ್ರವನ್ನು ಮನೆಯ ಹಿರಿಯರ ಕೈಗೆ ಕೊಡಿ. 'ಇದು ನಮ್ಮ ಅಂಗಡಿ ಹೌದಲ್ರಿ?' ಎಂದು ಉತ್ತರವನ್ನೇ ಬಾಯಿಗಿಟ್ಟು ಕೇಳಬೇಡಿ. 'ಇಲ್ಲಿ ಏನೇನ್ ಕಾಣಸ್ತದ್ರಿ?' ಎಂದು ಕೇಳಿ ಸುಮ್ಮನಿರಿ. ನಕಾಶೆ ಕಚೇರಿಯಲ್ಲಿ ಮುಂದಿನ ವರ್ಷವೂ ಸಿಕ್ಕೀತು. ನಮ್ಮ ಮನೆತನದಲ್ಲಿ ಆ ಅಂಗಡಿಯ ಮೆಟ್ಟಿಲು ಹತ್ತಿದವರು ಈಗ ಇಬ್ಬರೇ ಇದ್ದಾರೆ.