ಹಠಾತ್ತನೆ ಸತ್ತರಷ್ಟೇ ಹೃದ್ರೋಗವೇ?

2025ರ ಜೂನ್‌ನಲ್ಲಿ ಹಾಸನದ ಹೃದಯಾಘಾತದ ಸಾವುಗಳು ಒಂದರ ಹಿಂದೊಂದು ಸುದ್ದಿಯಾದವು. ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಮುಖ್ಯಮಂತ್ರಿ ಕೋವಿಡ್ ಲಸಿಕೆಯ ಮೇಲೆ ಅನುಮಾನ ಎತ್ತಿದರು, ಬಯೋಕಾನ್‌ನ ಕಿರಣ್ ಮಜುಂದಾರ್ ಶಾ ಅದನ್ನು ಅಲ್ಲಗಳೆದರು, ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಲಸಿಕೆಗೂ ಸಾವಿಗೂ ನಂಟಿಲ್ಲ ಎಂದಿತು. ಅಲ್ಲಿಗೆ ಗಲಾಟೆ ಮುಗಿಯಿತು. ದಿಢೀರನೆ ಸಾಯದೆ, ತಾಳ ತಪ್ಪಿದ ಎದೆಬಡಿತ ಹೊತ್ತು ವರ್ಷಗಟ್ಟಲೆ ಬದುಕುವ ಹೆಂಗಸರ ವಿಷಯ ಆ ಗದ್ದಲದಲ್ಲಿ ನನ್ನ ಕಿವಿಗಂತೂ ಬೀಳಲಿಲ್ಲ.

ಏಟ್ರಿಯಲ್ ಫಿಬ್ರಿಲೇಷನ್ ಎಂಬ ಈ ಕಾಯಿಲೆಯಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡುವುದಿಲ್ಲ, ಸುಮ್ಮನೆ ಅದುರುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಈ ಅಪಾಯ ಉಳಿದವರಿಗಿಂತ ಸುಮಾರು ಐದು ಪಟ್ಟು. ಪಶ್ಚಿಮದ ದೇಶಗಳಲ್ಲಿ ಇದು ಹೆಚ್ಚಾಗಿ ವಯಸ್ಸಾದವರ ಕಾಯಿಲೆ. ನಮ್ಮಲ್ಲಿ ಹಾಗಷ್ಟೇ ಅಲ್ಲ. ಚಿಕ್ಕಂದಿನಲ್ಲಿ ಗಂಟಲು ನೋವಾಗಿ, ಕೀಲು ಬಾತು, ಯಾರೂ ಗಮನಿಸದೆ ಬಿಟ್ಟ ರುಮ್ಯಾಟಿಕ್ ಜ್ವರ ಎಷ್ಟೋ ಜನರಲ್ಲಿ ಹೃದಯದ ಮೈಟ್ರಲ್ ಕವಾಟವನ್ನು ಕಿರಿದು ಮಾಡಿರುತ್ತದೆ; ಬಡಿತ ತಾಳ ತಪ್ಪುವುದು ಅದರಿಂದ. ಇಕ್ಕಟ್ಟಿನ ಮನೆಗಳಲ್ಲಿ ಹರಡುವ ಗಂಟಲು ಸೋಂಕಿನಿಂದ ಶುರುವಾಗುವ, ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು ಕಾಣುವ ಹೃದ್ರೋಗ ಇದು. ಮೂವತ್ತು, ನಲವತ್ತರ ವಯಸ್ಸಿನಲ್ಲಿ ಎದೆ ಡವಡವ ಎನ್ನುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಹೇಳಿಕೊಂಡರೆ ಸಿಗುವ ಉತ್ತರ: ‘ಟೆನ್ಷನ್ ಮಾಡ್ಕೋಬೇಡಮ್ಮ.’ ಸ್ವಲ್ಪ ವಯಸ್ಸಾಗಿದ್ದರೆ ಮುಟ್ಟು ನಿಲ್ಲುವ ಕಾಲ ಎಂಬ ಷರಾ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಮಾತ್ರೆಗಳಿವೆಯಲ್ಲ, ರಕ್ತಪರೀಕ್ಷೆಯ ರಗಳೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಕವಾಟ ಸರಿಯಿದ್ದವರಿಗೆ ಆ ಮಾತು ನಿಜ. ರುಮ್ಯಾಟಿಕ್ ಹೃದ್ರೋಗದ ಜತೆ ಈ ಬಡಿತದ ತೊಂದರೆಯೂ ಇದ್ದವರಿಗೆ ರಿವರಾಕ್ಸಬಾನ್ ಎಂಬ ಹೊಸ ಮಾತ್ರೆ ಕೊಟ್ಟು ನೋಡಿದ ಇನ್ವಿಕ್ಟಸ್ ಅಧ್ಯಯನ 2022ರಲ್ಲಿ ಪ್ರಕಟವಾಯಿತು. 24 ದೇಶಗಳ ಸುಮಾರು 4,500 ಜನ, ಅವರಲ್ಲಿ ನೂರಕ್ಕೆ 72 ಮಂದಿ ಹೆಂಗಸರು. ಗೆದ್ದದ್ದು ಹಳೆಯ ವಾರ್ಫರಿನ್ ಬಗೆಯ ಮಾತ್ರೆಯೇ; ಅದನ್ನು ತೆಗೆದುಕೊಂಡವರಲ್ಲಿ ಸಾವು ಕಡಿಮೆ. ಅಂದರೆ ಈ ಹೆಂಗಸರಿಗೆ ಅಗ್ಗದ ಹಳೆಯ ಮಾತ್ರೆ, ಅದರ ಬೆನ್ನಿಗೆ ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ಪರೀಕ್ಷೆ. ಸಾಮಾನ್ಯವಾಗಿ ಅಂಕಿ 2ರಿಂದ 3ರ ನಡುವೆ ಇರಬೇಕು. ಇಳಿದರೆ ಹೆಪ್ಪು, ಏರಿದರೆ ರಕ್ತಸ್ರಾವ. ಪ್ರಮಾಣ ಹೊಂದುವವರೆಗೆ ಪದೇಪದೇ, ಆಮೇಲೂ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ರಕ್ತ ಕೊಡಬೇಕು.

ನನ್ನ ತಕರಾರು ಇರುವುದು ಇಲ್ಲೇ. ಮೈಸೂರಿನ ರಾಜೀವನಗರದಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ ಹೆಂಗಸರಿದ್ದಾರೆ. ಅವರಿಗೆ ಎಣಿಕೆಗೆ ತಕ್ಕ ಕೂಲಿ. ಊರಿನ ಈ ತುದಿಯಿಂದ ಜಯದೇವಕ್ಕೆ ಹೋಗಿ, ಸಾಲಿನಲ್ಲಿ ನಿಂತು, ವರದಿಗೆ ಕಾದು ಬಂದರೆ ಅವತ್ತಿನ ದುಡಿಮೆ ಹೋಯಿತು. ಸರ್ಕಾರದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದು ಯಾರಾದರೂ ನೆನಪಿಸಿಯಾರು. ಟಿಕೆಟ್ಟಿನ ದುಡ್ಡು ಉಳಿಯಿತು, ಕೂಲಿ ಕೊಡುವವರು ಯಾರು? ಎರಡು ತಿಂಗಳು ಪರೀಕ್ಷೆ ತಪ್ಪುತ್ತದೆ, ಮೂರನೆಯ ತಿಂಗಳು ಮಾತ್ರೆಯೂ ತಪ್ಪುತ್ತದೆ. ಆಮೇಲೆ ‘ಪೇಷಂಟು ಸರಿಯಾಗಿ ಬರಲ್ಲ’ ಎಂದು ಅವಳ ಮೇಲೇ ದೂರು.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಸಿಗುತ್ತದೆ. ಒಳ್ಳೆಯ ಕೆಲಸ, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಅದು ಹೃದಯಾಘಾತದ ಮೊದಲ ಗಂಟೆಗಳಿಗೆಂದು ಮಾಡಿದ್ದು. ಬೀಡಿ ಕಟ್ಟುವ ಈ ಹೆಂಗಸಿನದು ಜೀವಮಾನದ ಲೆಕ್ಕ. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಐಎನ್‌ಆರ್ ತೋರಿಸುವ, ಅಂಗೈಯಗಲದ ಯಂತ್ರಗಳು ಬಂದು ಎಷ್ಟೋ ಕಾಲವಾಯಿತು. ಅವು ಬಡಾವಣೆಯ ಸರ್ಕಾರಿ ಕ್ಲಿನಿಕ್ಕಿನಲ್ಲಿರಲಿ. ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೆ ಬಂದು ಬಿಪಿ ನೋಡುವವರು ಒಂದು ನಿಮಿಷ ನಾಡಿಯನ್ನೂ ಹಿಡಿದು ನೋಡಲಿ, ತಾಳ ತಪ್ಪಿದ್ದರೆ ಇಸಿಜಿಗೆ ಕಳಿಸಲಿ.

ಮಾತ್ರೆಯ ಬಗ್ಗೆ ಅವಳಿಗೆ ಅರ್ಥವಾಗುವ ಭಾಷೆಯಲ್ಲಿ, ಬೇಕಿದ್ದರೆ ದಖ್ಖನಿ ಉರ್ದುವಿನಲ್ಲಿ, ಹೇಳುವವರೂ ಬೇಕು. ಸೊಪ್ಪು ಬಿಡಬೇಕಿಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರಾಯಿತು. ಕೈಗೆ ಸಿಕ್ಕಿದ ನೋವಿನ ಮಾತ್ರೆ ನುಂಗಬಾರದು. ದಿನಕ್ಕೊಂದೇ ಹೊತ್ತಿನ ಮಾತ್ರೆಯಾದ್ದರಿಂದ ರಂಜಾನ್‌ನಲ್ಲಿ ಇಫ್ತಾರ್ ನಂತರ ತೆಗೆದುಕೊಳ್ಳಬಹುದೇ ಎಂದು ಮೊದಲೇ ಡಾಕ್ಟರನ್ನು ಕೇಳಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯ, ಮಗು ಬೇಕೆಂದಿದ್ದರೆ ಬಸಿರಾಗುವ ಮೊದಲೇ ಹೇಳಬೇಕು. ವಾರ್ಫರಿನ್ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಕೆಡುಕು ಮಾಡಬಲ್ಲದು. ಹಾಗೆಂದು ಹೆದರಿ ತಾನಾಗಿ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಅಪಾಯ. ಈ ಮಾತನ್ನು ಮದುವೆಯಾದ ಹೊಸದರಲ್ಲೇ ಅವಳಿಗೆ ಹೇಳಬೇಕಾದವರು ಯಾರು ಎಂದು ಆರೋಗ್ಯ ಇಲಾಖೆ ಬರೆದು ಗೊತ್ತುಮಾಡಲಿ.